ಇಡ್ಲಿ ಪಾತ್ರೆಯ ಅಭ್ಯಂಜನ

ನಮ್ಮನೆ ಅಡುಗೆಮನೆಗೆ ಸದ್ಯ ನನಗೆ ಪ್ರವೇಶವಿಲ್ಲ. ಯಹೂದಿಗಳ ಪಸ್ಕ ಹಬ್ಬ ಬಂತು. ಹೆಂಡತಿ ಯಹೂದಿ, ಮಕ್ಕಳು ಯಹೂದಿಗಳು, ನಾನು ಧಾರವಾಡದವನು. ಇರುವುದು ಇಸ್ರೇಲಿನ ರೆಹೋವೋತ್‌ನಲ್ಲಿ. ಹಬ್ಬದ ಉಸ್ತುವಾರಿ ಅತ್ತೆಯವರದು. ಮದುವೆ ಹೊತ್ತಿಗೆ ಮುನಿಸಿಕೊಂಡಿದ್ದವರು ಮೊಮ್ಮಕ್ಕಳಾದ ಮೇಲೆ ಕರಗಿದರು. ಕರಗಿ ಸೀದಾ ನಮ್ಮ ಅಡುಗೆಮನೆಗೇ ಹರಿದು ಬಂದರು.

ಈ ಹಬ್ಬದ 7 ದಿನ ಮನೆಯಲ್ಲಿ ಹುಳಿ ಬಂದ ಹಿಟ್ಟಿನ ಚೂರೂ ಇರಬಾರದು. ಗೋಧಿ ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗೆ ಬೇಯದಿದ್ದರೆ ಅದು ಹಮೇತ್ಸ್. ನಮ್ಮ ಲೆಕ್ಕದಲ್ಲಿ ಮೈಲಿಗೆ ಅಂತಿಟ್ಟುಕೊಳ್ಳಿ. ಬ್ರೆಡ್ಡು, ಬಿಸ್ಕತ್ತು, ಶಾವಿಗೆ, ನನ್ನ ಉಪ್ಪಿಟ್ಟಿನ ರವೆ ಎಲ್ಲಾ ಬಂದ್. ಅಂಗಡಿಯಲ್ಲಿ ಇವನ್ನು ಮಾರಾಟಕ್ಕೆ ಇಡಬಾರದು ಅಂತ 1986ರಲ್ಲಿ ಕಾನೂನೇ ಆಗಿದೆ. ಆ ಕಪಾಟುಗಳಿಗೆ ಪ್ಲಾಸ್ಟಿಕ್ ಹೊದಿಸಿಬಿಡುತ್ತಾರೆ. ಮನೆಯಲ್ಲಿ ಉಳಿದದ್ದನ್ನು ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ ಮೂಲಕ ಯಹೂದಿ ಅಲ್ಲದವರಿಗೆ ಕಾಗದದ ಮೇಲೆ ಮಾರಿ, ಹಬ್ಬ ಮುಗಿದ ಮೇಲೆ ವಾಪಸ್ ತಗೊಳ್ಳುತ್ತಾರೆ. "ಮನೆಯಲ್ಲೇ ನಾನೊಬ್ಬ ಇದ್ದೀನಲ್ಲ, ನನಗೇ ಮಾರಿ" ಅಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ, "ನೀನು ವಾಪಸ್ ಕೊಡಲ್ಲ" ಅಂದರು.

ಸೋಫಾ, ಕಾರು, ಪುಸ್ತಕಗಳು, ಎಲ್ಲಾ ಕೊಡವಿ ಆಯಿತು. ಮಗನ ಪ್ಯಾಂಟಿನ ಜೇಬಲ್ಲಿ ಬಿಸ್ಲಿ ಅನ್ನೋ ಗೋಧಿ ಕುರುಕಲಿನ ಚೂರು ಸಿಕ್ಕಿ ಅರ್ಧ ದಿನ ವಿಚಾರಣೆ ನಡೆಯಿತು. ಆಮೇಲೆ ಅತ್ತೆಯ ಕಣ್ಣು ನನ್ನ ಇಡ್ಲಿ ಪಾತ್ರೆ ಮೇಲೆ ಬಿತ್ತು. ಅದರಲ್ಲಿ ರವೆ ಇಡ್ಲಿ ಮಾಡಿದ್ದೆನಲ್ಲ!

ಹಬ್ಬಕ್ಕೆ ಮುಂಚೆ ಇಲ್ಲಿ ಬೀದಿಯಲ್ಲೇ ದೊಡ್ಡ ಹಂಡೆ ಇಟ್ಟು ನೀರು ಕುದಿಸುತ್ತಾರೆ. ಪಾತ್ರೆ ತಂದು ಅದ್ದಿಸಿಕೊಂಡು ಹೋದರೆ ಶುದ್ಧ. ಕ್ಯೂನಲ್ಲಿ ನಿಂತೆ. ಇಸ್ರೇಲಿನ ಕ್ಯೂನಲ್ಲಿ ಯಾರೂ ಸುಮ್ನೆ ನಿಲ್ಲೋದಿಲ್ಲ. "ಮೊಟ್ಟೆ ಬೇಯಿಸೋದಾ?" ಅಂದಿತು ಒಂದಜ್ಜಿ. "ಅಲ್ಲ, ದೀಪ" ಅಂದ ಹಿಂದಿನವನು. ನನ್ನನ್ನು ಬಿಟ್ಟು ಇಬ್ಬರೇ ವಾದಕ್ಕಿಳಿದರು. ಹಂಡೆ ಹತ್ತಿರ ಇದ್ದ ಗಡ್ಡದ ಹುಡುಗ ತಟ್ಟೆಗಳನ್ನು ಬಿಚ್ಚಿಸಿ, ಒಂದೊಂದನ್ನೂ ಬಿಸಿಲಿಗೆ ಹಿಡಿದು ತೂತುಗಳಲ್ಲಿ ಇಣುಕತೊಡಗಿದ. ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಕುಳಿ, ಕುಳಿಗೆ ಏಳೆಂಟು ತೂತು. ಲೆಕ್ಕ ನೀವೇ ಹಾಕಿ. ಮೂರನೇ ತಟ್ಟೆಗೆ ಬಂದಾಗ ಅವನ ಮುಖ ಗಂಭೀರವಾಯಿತು. "ಇದರಲ್ಲಿ ಏನೋ ಇದೆ" ಅಂದ. ಪೂರ್ತಿ ಕ್ಯೂ ಬಗ್ಗಿ ನೋಡಿತು. ಹಳೇ ರವೆ! ಅಜ್ಜಿ ತನ್ನ ಚೀಲದಿಂದ ಹಲ್ಲುಕಡ್ಡಿ ತೆಗೆದು ಕೊಟ್ಟಳು. ಎಂ.ಟೆಕ್ ಮಾಡಿದವನು ನಾನು, ಫುಟ್‌ಪಾತ್ ಮೇಲೆ ಕುಕ್ಕರುಗಾಲಲ್ಲಿ ಕೂತು ಇಡ್ಲಿ ತಟ್ಟೆಯ ಹಲ್ಲುಜ್ಜಿದೆ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡರೆ, "ಛಲೋ ಮಾಡ್ಯಾರ ನಿಮ್ಮತ್ತಿ. ನಿನ್ನ ಪಾತ್ರಿ ತಿಕ್ಕೂದು ನಾ ನೋಡಿಲ್ಲೇನು?" ಅಂದಳು.

ಮೂಲ ಸಮಸ್ಯೆ ಇರೋದು ಅಕ್ಕಿಯದ್ದು. ಅತ್ತೆಯ ಮನೆತನ ಪೋಲೆಂಡ್ ಕಡೆಯದು, ಆ ಕಡೆಯವರಿಗೆ ಹಬ್ಬದಲ್ಲಿ ಅಕ್ಕಿ, ಬೇಳೆ, ಕಾಳೂ ನಿಷಿದ್ಧ. ಕೆಳಗಿನ ಮನೆಯವರು ಇರಾಕಿನಿಂದ ಬಂದವರು, ಅವರಿಗೆ ಅನ್ನ ನಡೆಯುತ್ತದೆ! ಅಲ್ಲಿನ ಅಜ್ಜಿ ಗೋಧಿ ಕಾಳು ಸೇರಿದೆಯಾ ಅಂತ ಅಕ್ಕಿಯನ್ನು ಮೂರು ಸಲ ಆರಿಸುತ್ತಾಳೆ. ಬಾಗಿಲು ತೆರೆದಿತ್ತು, ನಿಂತು ನೋಡಿದೆ. ಮೊರ ಇಲ್ಲ, ಬಿಳಿ ಬಟ್ಟೆ ಅಷ್ಟೇ. ಬೆರಳು ಓಡುವ ರೀತಿ ಮಾತ್ರ ಥೇಟ್ ಅವ್ವನದು. ಅವ್ವ ಕಲ್ಲು ಸಿಕ್ಕರೆ ನೋಡದೇ ಅಂಗಳಕ್ಕೆ ಚಿಮ್ಮುತ್ತಿದ್ದಳು. ಈಗ ಅಲ್ಲಿಗೂ ಪ್ಯಾಕೆಟ್ ಅಕ್ಕಿ ಬಂದಿದೆ, ಮೊರ ಅಟ್ಟದ ಮೇಲಿದೆ.

ಅಂದ ಹಾಗೆ, ಅಷ್ಟೆಲ್ಲಾ ಸ್ನಾನ ಮಾಡಿಸಿದ ಪಾತ್ರೆಯಲ್ಲಿ ಇಡ್ಲಿ ಮಾಡುವಂತಿಲ್ಲ. ಅಕ್ಕಿ, ಉದ್ದು ಎರಡೂ ಬಂದ್ ತಾನೇ? ಅತ್ತೆ ಕುಳಿಗೊಂದರಂತೆ ಆಲೂಗಡ್ಡೆ ಇಟ್ಟು ಬೇಯಿಸಿದರು. ಬಿಸಿಬಿಸಿಯಾಗಿ ಬಡಿಸಿದರು. ಚಟ್ನಿನಾದರೂ ಮಾಡಿಕೊಳ್ತೀನಿ ಅಂತ ಎದ್ದೆ. ಪುಟಾಣಿಯೂ ಕಾಳೇ ಅಂತೆ.