ಪಥ್ಯ ಮಗುವೊಂದಕ್ಕೇ ಯಾಕೆ?

ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲೇ ಸೇರಿದರೂ ಹನ್ನೆರಡು-ಹದಿಮೂರು ವರ್ಷದ ಮಕ್ಕಳನ್ನು ನಿಲ್ಲಿಸಿಕೊಂಡು "ಏನೇ ಇಷ್ಟು ದಪ್ಪ ಆಗಿದೀಯಾ, ನಿಮ್ಮಮ್ಮಂಗೇ ಅಕ್ಕನ ಥರ ಕಾಣ್ತೀಯಲ್ಲೇ" ಅನ್ನುವವರಿದ್ದಾರೆ. ಊಟಕ್ಕೆ ಕೂತಾಗ "ತಿನ್ನು ಪುಟ್ಟಿ, ಬೆಳೆಯೋ ವಯಸ್ಸು" ಅಂತ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುವವರೂ ಅವರೇ. ದಯವಿಟ್ಟು ಎರಡನ್ನೂ ನಿಲ್ಲಿಸಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಹೀಗೆ ಅನ್ನಿಸಿಕೊಂಡು ತೆಳ್ಳಗಾದ ಮಕ್ಕಳನ್ನು ನಾನಂತೂ ನೋಡಿಲ್ಲ. ಬೆಳಿಗ್ಗೆ ತಿಂಡಿ ಬಿಟ್ಟು ಬಂದು, ಮಧ್ಯಾಹ್ನದ ಡಬ್ಬಿ ಗೆಳತಿಗೆ ಕೊಟ್ಟು, ಸಂಜೆ ಟ್ಯೂಷನ್ ದಾರಿಯಲ್ಲಿ ಹಸಿವು ತಡೆಯಲಾರದೆ ಗೋಬಿ, ಪಫ್ಸ್ ತಿನ್ನುವ ಹುಡುಗಿಯರನ್ನು ನೋಡಿದ್ದೇನೆ. ಓಡಿದರೆ ಯಾರಾದರೂ ನಗುತ್ತಾರೆ ಅನ್ನುವ ಭಯಕ್ಕೆ "ಹೊಟ್ಟೆನೋವು ಮಿಸ್" ಅಂತ ಆಟದ ಪೀರಿಯಡ್ಡಿನಲ್ಲಿ ಕ್ಲಾಸಲ್ಲೇ ಕೂರುವ ಹುಡುಗರನ್ನು ನೋಡಿದ್ದೇನೆ.

ಸಮಸ್ಯೆ ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಹೆಚ್ಚಿರುವವರು 2015-16ರಲ್ಲಿ ಶೇ. 2.1 ಇದ್ದರು, 2019-21ರಲ್ಲಿ ಶೇ. 3.4 ಆದರು. ಅಪೌಷ್ಟಿಕತೆ ಇನ್ನೂ ಹೋಗದ ದೇಶದಲ್ಲೇ ಇದೂ ಏರುತ್ತಿದೆ.

ತಾಯಂದಿರಿಗೆ ಒಂದು ಮಾತು. ದಪ್ಪಗಿರುವ ಮಗುವಿನ ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪಗಿದ್ದರೆ ಅದು ಕೊಳೆ ಅಲ್ಲ. ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕಿಸಿಕೊಂಡು ಕತ್ತು ಉರಿಯುತ್ತಾ ಶಾಲೆಗೆ ಬಂದ ಮಕ್ಕಳನ್ನು ಕಂಡು ಸಂಕಟವಾಗಿದೆ. ಬಹಳ ಸಲ ಅದು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ. ಮುಟ್ಟು ತಿಂಗಳುಗಟ್ಟಲೆ ಬರದಿದ್ದರೆ, ರಾತ್ರಿ ಜೋರು ಗೊರಕೆ ಇದ್ದರೆ, ಎತ್ತರ ನಿಂತು ತೂಕ ಮಾತ್ರ ಏರುತ್ತಿದ್ದರೂ ತೋರಿಸಿ.

ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸಲೇಬೇಕೆಂದಿಲ್ಲ. ಇರುವ ತೂಕ ಇದ್ದಷ್ಟೇ ನಿಂತು ಎತ್ತರ ಬೆಳೆದರೂ ಸಾಕಾಗುತ್ತದೆ. ಹಾಗಾಗಿ ದೊಡ್ಡವರ ಕೀಟೋ (ಅನ್ನ-ಚಪಾತಿ ತೀರಾ ಕಡಿಮೆ ಮಾಡಿ ಕೊಬ್ಬಿನ ಪದಾರ್ಥ ಹೆಚ್ಚು ತಿನ್ನುವ ಪಥ್ಯ), ಒಪ್ಪೊತ್ತಿನ ಊಟ, ವಾಟ್ಸಾಪಿನಲ್ಲಿ ಬರುವ ಪುಡಿಗಳನ್ನು ಮಕ್ಕಳ ಮೇಲೆ ಪ್ರಯೋಗಿಸಬೇಡಿ. ಅಣ್ಣನಿಗೆ ಚಿಪ್ಸು, ಅಪ್ಪನಿಗೆ ಬಜ್ಜಿ, ಇವಳಿಗೆ ಮಾತ್ರ ಸೌತೆಕಾಯಿ ಅಂದರೆ ಆ ಮಗು ಕದ್ದು ತಿನ್ನುತ್ತದೆ, ಇನ್ನೇನು ಮಾಡೀತು? ಅಂಥ ತಿಂಡಿ, ಕೋಲಾಗಳನ್ನು ಮನೆಗೇ ತರಬೇಡಿ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಮೇಲಿಂದ ಸೇರಿಸಿದ ಸಕ್ಕರೆ ಮಕ್ಕಳಿಗೆ ಇಡೀ ದಿನಕ್ಕೆ 25 ಗ್ರಾಂ ಮೀರಬಾರದು ಅನ್ನುತ್ತಾರೆ ತಜ್ಞರು. ಹಾಲಿಗೆ ಹಾಕುವ ಪುಡಿಯ ಡಬ್ಬಿಯ ಹಿಂದೆಯೂ ಒಮ್ಮೆ ಓದಿ ನೋಡಿ. ಎಲ್ಲರಿಗೂ ಒಂದೇ ಅಡುಗೆ, ಸೊಪ್ಪು-ಕಾಳು ಸ್ವಲ್ಪ ಜಾಸ್ತಿ, ಊಟದ ಹೊತ್ತಿಗೆ ಟಿವಿ, ಮೊಬೈಲು ಬಂದ್.

ನಿದ್ದೆಯನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ನಿದ್ದೆಗೆಟ್ಟರೆ ಹಸಿವೂ ಹೆಚ್ಚುತ್ತದೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಪೋಷಕರು ಕೇಳುತ್ತಿದ್ದಾರೆ. ಅಮೆರಿಕದಲ್ಲಿ 12 ವರ್ಷ ದಾಟಿದ, ಬೊಜ್ಜಿನ ತೊಂದರೆಯಿರುವ ಮಕ್ಕಳಿಗೆ ಸೆಮಾಗ್ಲುಟೈಡ್ ಅನ್ನುವ, ಹಸಿವು ತಗ್ಗಿಸುವ ಇಂಜೆಕ್ಷನ್ ಕೊಡಲು 2022ರಲ್ಲಿ ಒಪ್ಪಿಗೆ ಸಿಕ್ಕಿದೆ, ನಿಜ. ಬೇಕಾ ಬೇಡವಾ ಅನ್ನುವುದನ್ನು ಮಗುವನ್ನು ಪರೀಕ್ಷಿಸಿದ ತಜ್ಞರೇ ಹೇಳಬೇಕು. ಅಂಥ ಔಷಧಿ ಬೇಕಾದ ಮಗುವನ್ನು ಸೋಮಾರಿ ಅಂತ ಹಳಿಯುವುದೂ ತಪ್ಪು.

ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ದಣಿಯುವ ಆಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಎಷ್ಟೋ ಕಡೆ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ, ವಾರದಲ್ಲಿ ಎಷ್ಟು ಪೀರಿಯಡ್ ಮಕ್ಕಳು ನಿಜವಾಗಿ ಮೈದಾನದಲ್ಲಿರುತ್ತಾರೆ ಅಂತಲೂ ಕೇಳಿ. ನೀವು ನಾಲ್ಕು ಜನ ಕೇಳಿದರೆ ಹೆಡ್‌ಮಾಸ್ಟರ ಮುಂದೆ ಮಾತಾಡಲು ನಮ್ಮಂಥ ಟೀಚರುಗಳಿಗೂ ಬಲ ಬರುತ್ತದೆ.