ಇವತ್ತು ಓಡಬಹುದಾ ಅಂತ ವಾಚ್ ಕೇಳಬೇಕಾ?

ಪರ

ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಓಡಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಮೊದಮೊದಲು ಮೈ ಹೇಳಿದಂತೆ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಕೇಳುತ್ತಿದ್ದದ್ದು ನನ್ನ ಹಟದ ಮಾತು. ಮೊಣಕಾಲು ಎರಡು ಸಲ ಕೈಕೊಟ್ಟಿತು.

ಈಗ ಎದ್ದ ಕೂಡಲೇ ವಾಚ್‌ನಲ್ಲಿ ಎರಡು ಅಂಕಿ ನೋಡುತ್ತೇನೆ. ಒಂದು, ವಿಶ್ರಾಂತಿಯಲ್ಲಿದ್ದಾಗಿನ ಹೃದಯ ಬಡಿತ. ಇನ್ನೊಂದು ಎಚ್‌ಆರ್‌ವಿ, ಅಂದರೆ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಡಿಮೆ ಆಗುತ್ತದೆ ಅನ್ನೋ ಲೆಕ್ಕ. ಮೈ ಸುಧಾರಿಸಿಕೊಂಡಿದ್ದರೆ ಈ ಏರಿಳಿತ ಸಾಮಾನ್ಯವಾಗಿ ಜಾಸ್ತಿ. ನಿದ್ದೆಗೆಟ್ಟರೆ, ಮೈಮೀರಿ ಓಡಿದ್ದರೆ ಕಡಿಮೆ.

ಕಳೆದ ಏಪ್ರಿಲ್‌ನಲ್ಲಿ 54 ಇರುತ್ತಿದ್ದ ನನ್ನ ಬಡಿತ ಮೂರು ದಿನ 61, 62ರಲ್ಲೇ ನಿಂತಿತು. ನಮ್ಮೂರ ಸೆಕೆ ಇರಬೇಕು ಅಂದುಕೊಂಡೆ. ಕಾಲು ಹಗುರ ಇತ್ತು, ಓಡೋ ಆಸೆಯೂ ಇತ್ತು. ಆದರೂ 15 ಕಿ.ಮೀ. ಓಟ ಬಿಟ್ಟು ಸುಮ್ನೆ ಕೆರೆ ಸುತ್ತ ನಡೆದು ಬಂದೆ. ನಾಲ್ಕನೇ ದಿನ ಜ್ವರ ಹಿಡಿಯಿತು. ನನಗಿಂತ ಮೊದಲು ಆ ಅಂಕಿಗೆ ಗೊತ್ತಾಗಿತ್ತು.

ಪಕ್ಕದವರ ಅಂಕಿ ಜತೆ ಹೋಲಿಸಬೇಡಿ. ನಿಮ್ಮದೇ ವಾರದ ಸರಾಸರಿ ನೋಡಿ, ಸಾಕು.

ವಿರೋಧ

ನಾನು ಗರಡಿಯಲ್ಲಿ ಹುಡುಗರಿಗೆ ಸಾಮು ಮಾಡಿಸುವವನು. ಹೋದ ತಿಂಗಳು ಒಬ್ಬ ಹುಡುಗ ಬಾಗಿಲಲ್ಲೇ ನಿಂತ. "ಉಸ್ತಾದ್, ವಾಚ್ ಇವತ್ತು ನೂರಕ್ಕೆ 38 ತೋರಿಸ್ತಿದೆ, ಆಗಲ್ಲ" ಅಂದ. ಮುಖದಲ್ಲಿ ಕಳೆ ಇತ್ತು, ನಡಿಗೆಯಲ್ಲಿ ಬಿಗಿ ಇರಲಿಲ್ಲ. ಕೈ ಹಿಡಿದು ನೋಡಿದೆ. ಪಟ್ಟಿ ಎಷ್ಟು ಸಡಿಲ ಅಂದರೆ ನನ್ನ ಬೆರಳು ಒಳಗೆ ಹೋಯಿತು. ಈ ವಾಚ್‌ಗಳು ಚರ್ಮದೊಳಗೆ ಬೆಳಕು ಬಿಟ್ಟು ರಕ್ತದ ಹರಿವು ಅಳೆಯುತ್ತವೆ. ಪಟ್ಟಿ ಅಲ್ಲಾಡಿದರೆ ಲೆಕ್ಕವೂ ತಪ್ಪುತ್ತದೆ.

ಬಡಿತದ ಲೆಕ್ಕವನ್ನಾದರೂ ಒಪ್ಪುತ್ತೇನೆ. ಇವತ್ತು ಮೈ ಎಷ್ಟು ಸಿದ್ಧವಿದೆ ಅನ್ನೋದಕ್ಕೆ ನೂರಕ್ಕೆ ಇಷ್ಟು ಅಂತ ಕೊಡುವ 'ರೆಡಿನೆಸ್' ಅಂಕ ಬೇರೆ. ಅದರ ಸೂತ್ರ ಒಂದೊಂದು ಕಂಪನಿಗೆ ಒಂದೊಂದು. ಗಾಢ ನಿದ್ದೆ ಎಷ್ಟು ಅನ್ನೋದೂ ಅಂದಾಜೇ. ಪ್ರಯೋಗಾಲಯದಲ್ಲಿ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ಓದುತ್ತಾರೆ, ಮಣಿಕಟ್ಟಿನಲ್ಲಿ ಅದು ಸಿಗುವುದಿಲ್ಲ. ಒಳ್ಳೆ ನಿದ್ದೆಯ ಅಂಕಕ್ಕಾಗಿ ಚಿಂತಿಸಿಯೇ ನಿದ್ದೆ ಕಳೆದುಕೊಳ್ಳುವವರಿದ್ದಾರೆ. ಅದಕ್ಕೆ 2017ರಲ್ಲಿ ಸಂಶೋಧಕರು 'ಆರ್ಥೋಸೋಮ್ನಿಯಾ' ಅಂತ ಹೆಸರೇ ಇಟ್ಟರು.

ಕ್ರೀಡಾಪಟುಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಒಂದು ಪರಿಶೀಲನೆಯಲ್ಲಿ, ತಾಲೀಮಿನ ಭಾರವನ್ನು ಯಂತ್ರ, ರಕ್ತಪರೀಕ್ಷೆಗಳಿಗಿಂತ ಅವರವರೇ ಹೇಳಿಕೊಂಡ ಆಯಾಸ, ಮನಸ್ಥಿತಿ ಚೆನ್ನಾಗಿ ತೋರಿಸಿದವು. ಗರಡಿಯಲ್ಲಿ ನಾವು ಮೊದಲಿಂದ ಕೇಳುತ್ತಾ ಬಂದಿರುವುದೂ ಅದನ್ನೇ ಅಲ್ವಾ?

ಆ ಹುಡುಗನಿಗೆ ಈಗ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ನಿದ್ದೆ ಹೇಗಾಯಿತು, ತೊಡೆ ಹಿಡಿದಿದೆಯಾ, ಹಸಿವು ಇದೆಯಾ, ಮೂರನ್ನೂ ಬರೆಯಬೇಕು. ಬರೆದ ಮೇಲೆ ಬೇಕಾದರೆ ಫೋನ್ ತೆಗೆಯಲಿ.