ಚಿಕ್ಕ ರೂಮಿಗೆ ಬೈಯಬೇಡಿ, ಕೊಳಕು ಹಾಸಿಗೆಗೆ ಬೈಯಿರಿ

ಬಜೆಟ್ ಹೋಟೆಲುಗಳ ಬಗ್ಗೆ ಜನ ಬರೆದ ರಿವ್ಯೂ ಓದುವುದು ನನಗೊಂದು ಚಟ. ಎಲ್ಲಿಗೂ ಹೋಗುವ ಯೋಚನೆ ಇಲ್ಲದಿದ್ದಾಗಲೂ ಓದುತ್ತಾ ಕೂರುತ್ತೇನೆ. ‘ರೂಮು ತುಂಬಾ ಚಿಕ್ಕದು, ಲಾಬಿಯಲ್ಲಿ ಕೂರಲು ಜಾಗವಿಲ್ಲ, ಬ್ಯಾಗ್ ಎತ್ತಲು ಯಾರೂ ಬರಲಿಲ್ಲ’ ಅಂತ ಒಬ್ಬರು ಒಂದೇ ಸ್ಟಾರ್ ಕೊಟ್ಟಿರುತ್ತಾರೆ. ಅದರ ಕೆಳಗೇ ಇನ್ನೊಬ್ಬರು ‘ಒಳಗಿನ ಚಿಲಕ ಕೂರುತ್ತಿರಲಿಲ್ಲ, ಬೆಡ್‌ಶೀಟ್ ಮೇಲೆ ಕಲೆ ಇತ್ತು, ಆದರೂ ಲೊಕೇಶನ್ ಸೂಪರ್’ ಅಂತ ನಾಲ್ಕು ಸ್ಟಾರ್ ಕೊಟ್ಟಿರುತ್ತಾರೆ. ಇಬ್ಬರ ಲೆಕ್ಕವೂ ತಲೆಕೆಳಗಾಗಿದೆ ಅನ್ನುವುದು ನನ್ನ ತಕರಾರು.

ಗಿಜಿಗುಡುವ ನಗರದ ನಡುವೆ ಅಗ್ಗದ ರೂಮು ಹಿಡಿಯುವಾಗ ನಾವು ಮುಖ್ಯವಾಗಿ ದುಡ್ಡು ಕೊಡುವುದು ಆ ಜಾಗಕ್ಕೆ. ನಿಲ್ದಾಣಕ್ಕೆ, ಆಸ್ಪತ್ರೆಗೆ, ಪರೀಕ್ಷೆಗೋ ಸಂದರ್ಶನಕ್ಕೋ ನಡೆದೇ ಹೋಗುವಷ್ಟು ಹತ್ತಿರ ಇರುವುದಕ್ಕೆ. ಅಂಥ ಕಡೆ ಒಂದೊಂದು ಅಡಿ ನೆಲವೂ ದುಬಾರಿ. ಹಾಗಿದ್ದೂ ಬಾಡಿಗೆ ಕಡಿಮೆ ಇರಬೇಕೆಂದರೆ ಮಾಲೀಕ ಏನನ್ನಾದರೂ ಕಡಿತ ಮಾಡಲೇಬೇಕು. ಏನನ್ನು ಕಡಿತ ಮಾಡಿದ್ದಾನೆ ಅನ್ನುವುದರಲ್ಲೇ ಒಳ್ಳೆಯ ಬಜೆಟ್ ಹೋಟೆಲಿಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಜಾಗ ಕಡಿಮೆ ಮಾಡಿದರೆ, ಕೆಲಸದವರನ್ನು ಕಡಿಮೆ ಮಾಡಿದರೆ, ಅಲಂಕಾರ ಬಿಟ್ಟರೆ ಒಪ್ಪೋಣ. ಬಟ್ಟೆ ಒಗೆಯುವುದನ್ನು, ಬೀಗ ರಿಪೇರಿ ಮಾಡಿಸುವುದನ್ನು ಬಿಟ್ಟರೆ ಒಪ್ಪಬಾರದು.

ಈ ಕಡಿತವನ್ನು ಕೆಲವರು ತುಂಬಾ ಯೋಚಿಸಿ ಮಾಡಿದ್ದಾರೆ. 1979ರಲ್ಲಿ ಜಪಾನಿನ ಒಸಾಕಾದಲ್ಲಿ ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಮೊದಲ ಕ್ಯಾಪ್ಸೂಲ್ ಹೋಟೆಲ್ ಶುರುವಾಯಿತು. ಅಲ್ಲಿ ರೂಮೇ ಇಲ್ಲ, ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಗೂಡು, ಅಷ್ಟೇ. ತಡರಾತ್ರಿಯವರೆಗೆ ದುಡಿದು ಕೊನೆಯ ರೈಲು ತಪ್ಪಿಸಿಕೊಂಡವರಿಗೆ ಅದು ಸಾಕಾಗುತ್ತಿತ್ತು. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಂದ ‘ಫಾರ್ಮ್ಯುಲ್ 1’ ಹೋಟೆಲುಗಳಲ್ಲಿ ರೂಮು ಸುಮಾರು 9 ಚದರ ಮೀಟರ್. ಶೌಚಾಲಯ, ಸ್ನಾನದ ಮನೆ ಎರಡೂ ಕಾರಿಡಾರಿನಲ್ಲಿ, ಎಲ್ಲರಿಗೂ ಸೇರಿ. ರಾತ್ರಿ ಹೊತ್ತು ರಿಸೆಪ್ಷನ್‌ನಲ್ಲಿ ಜನ ಇರುತ್ತಿರಲಿಲ್ಲ, ಹೊರಗಿನ ಯಂತ್ರಕ್ಕೆ ಕಾರ್ಡ್ ಹಾಕಿ ರೂಮು ಪಡೆಯಬೇಕು. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಬಂದವರಿಗೂ ಬೇಸರವಿಲ್ಲ.

ಹಾಗಾಗಿ ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಮಂಚ, ಅದರ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ, ಗೋಡೆಗೆ ಒಂದೆರಡು ಮೊಳೆ. ಸೂಟ್‌ಕೇಸ್ ಬಿಚ್ಚಬೇಕಾದರೆ ಮಂಚದ ಮೇಲೇ ಬಿಚ್ಚಬೇಕು. ಫೋಟೋದಲ್ಲಿ ಕಾಣುವ ವಿಶಾಲವೆಲ್ಲ ವೈಡ್ ಆ್ಯಂಗಲ್ ಲೆನ್ಸಿನ ಕರಾಮತ್ತು. ನಾನು ನೋಡುವುದು ಮಂಚ ಬಿಟ್ಟು ಎಷ್ಟು ನೆಲ ಉಳಿದಿದೆ ಅಂತ. ಹೋಟೆಲಿನವರು ಹಾಕಿದ ಫೋಟೋಕ್ಕಿಂತ, ಇದ್ದು ಹೋದವರು ಮೊಬೈಲಿನಲ್ಲಿ ತೆಗೆದ ಸೊಟ್ಟಂಬಟ್ಟ ಫೋಟೋಗಳೇ ಹೆಚ್ಚು ನಿಜ ಹೇಳುತ್ತವೆ. ಕಿಟಕಿ ಇದೆಯೇ ಅಂತ ಮಾತ್ರ ಬಾಯಿ ಬಿಟ್ಟು ಕೇಳಬೇಕು. ಕಿಟಕಿಯಿಲ್ಲದ ರೂಮುಗಳು ನಗರಗಳಲ್ಲಿ ಧಾರಾಳವಾಗಿವೆ. ‘ಇದೆ’ ಅಂದರೂ ಅದು ಯಾವ ಕಡೆಗೆ ಅಂತ ಕೇಳಿ. ಒಮ್ಮೆ ನನಗೆ ಸಿಕ್ಕ ರೂಮಿನಲ್ಲಿ ಕಿಟಕಿಯ ಪರದೆ ಸರಿಸಿದರೆ ಮೊಳದಷ್ಟು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಕಿಟಕಿ ಇತ್ತು, ಸುಳ್ಳು ಹೇಳಿದರು ಅನ್ನುವ ಹಾಗಿಲ್ಲ!

ಈಗ ಸದ್ದಿನ ವಿಷಯ. ಅಗ್ಗದ ರೂಮಿನಲ್ಲಿ ನಿದ್ದೆಗೆಡಿಸುವುದು ಹೆಚ್ಚಾಗಿ ಇದೇ, ಆದರೆ ಬುಕ್ ಮಾಡುವಾಗ ಯಾರ ತಲೆಗೂ ಬರುವುದಿಲ್ಲ. ಚೆನ್ನಾಗಿ ನಿದ್ದೆ ಬರಬೇಕಾದರೆ ಮಲಗುವ ಕೋಣೆಯಲ್ಲಿ ಸತತವಾಗಿ ಕೇಳುವ ಸದ್ದು 30 ಡೆಸಿಬೆಲ್ ಮೀರಬಾರದು, ನಡುನಡುವೆ ಬರುವ ಜೋರು ಸದ್ದೂ 45ರ ಒಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತ್ತು. ವಾಹನ ತುಂಬಿದ ರಸ್ತೆಯ ಪಕ್ಕದಲ್ಲಿ 70 ಡೆಸಿಬೆಲ್ ಅಂದರೆ ದೊಡ್ಡ ಮಾತೇನಲ್ಲ. ಒಂದೇ ಗಾಜಿನ ಸಾಧಾರಣ ಕಿಟಕಿಯನ್ನು ಭದ್ರವಾಗಿ ಮುಚ್ಚಿದರೆ ಸುಮಾರು 25 ಡೆಸಿಬೆಲ್ ತಗ್ಗಬಹುದು. ಅಂದರೆ ದಿಂಬಿನ ಹತ್ತಿರ ಇನ್ನೂ 45 ಉಳಿಯಿತು, ಅದೂ ನಿಲ್ಲದೆ. ಗಾಳಿ ಬರಲೆಂದು ಕಿಟಕಿ ಸ್ವಲ್ಪ ತೆರೆದಿರೋ, ಆ ತಡೆಯೂ ಅರ್ಧಕ್ಕರ್ಧ ಹೋಯಿತು. ಡೆಸಿಬೆಲ್ ನಮ್ಮ ಸಾಮಾನ್ಯ ಕೂಡು-ಕಳೆ ಲೆಕ್ಕವೂ ಅಲ್ಲ. 10 ಹೆಚ್ಚಾದರೆ ಕಿವಿಗೆ ಸರಿಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ.

ರಸ್ತೆಯ ಸದ್ದಿಗಾದರೂ ರಾತ್ರಿ ಎರಡು ಗಂಟೆಯ ಹೊತ್ತಿಗೆ ಸುಸ್ತಾಗುತ್ತದೆ. ಒಳಗಿನ ಸದ್ದಿಗೆ ಹೊತ್ತುಗೊತ್ತಿಲ್ಲ. ಲಿಫ್ಟ್ ನಿಂತಾಗಿನ ‘ಟಿಂಗ್’, ಮೆಟ್ಟಿಲ ಹತ್ತಿರ ನಿಂತು ಫೋನಿನಲ್ಲಿ ಮಾತಾಡುವವರು, ಪಕ್ಕದ ರೂಮಿನ ಫ್ಲಶ್, ನಾಲ್ಕು ಗಂಟೆಗೆ ಹೊರಡುವವರು ಎಳೆದುಕೊಂಡು ಹೋಗುವ ಟ್ರಾಲಿಯ ಚಕ್ರ. ಎರಡು ರೂಮಿನ ನಡುವೆ ಇರುವುದು ಇಟ್ಟಿಗೆ ಗೋಡೆಯೋ ಬರೀ ಹಲಗೆಯೋ ಅಂತ ಬೆರಳಿನಿಂದ ತಟ್ಟಿ ನೋಡಿದರೆ ಗೊತ್ತಾಗುತ್ತದೆ. ಒಂದೊಂದು ಕಡೆ ಪಕ್ಕದವರು ಯಾಕೆ ಜಗಳ ಆಡುತ್ತಿದ್ದಾರೆ ಅನ್ನುವುದರ ಜೊತೆಗೆ ತಪ್ಪು ಯಾರದ್ದು ಅನ್ನುವುದೂ ಗೊತ್ತಾಗಿಬಿಡುತ್ತದೆ.

ಆದ್ದರಿಂದ ಬುಕ್ ಮಾಡಿದ ಮೇಲೆ ಹೋಟೆಲಿಗೇ ಒಂದು ಫೋನ್ ಮಾಡಿ. ‘ರಸ್ತೆ ಕಡೆ ಬೇಡ, ಹಿಂಭಾಗದ್ದು ಕೊಡಿ, ಲಿಫ್ಟಿನಿಂದ ದೂರ ಇರಲಿ’ ಅಂತ ಹೇಳಿ. ಹಗಲಿನಲ್ಲಿ ಹೇಳಿದರೆ ಪುಕ್ಕಟೆಯಾಗಿ ಆಗುವ ಕೆಲಸ ಇದು. ರಾತ್ರಿ ಹನ್ನೊಂದಕ್ಕೆ ಹೋಗಿ ನಿಂತು ಕೇಳಿದರೆ ಕೌಂಟರಿನವನ ಹತ್ತಿರ ಉಳಿದಿರುವುದು ಬೇರೆಯವರು ಬೇಡವೆಂದ ರೂಮೇ. ಬುಕಿಂಗ್ ಆ್ಯಪ್‌ಗಳು ಹೋಟೆಲಿನವರಿಂದ ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರಷ್ಟು ಕಮಿಷನ್ ಹಿಡಿಯುತ್ತವೆ. ಹಾಗಾಗಿ ನೇರವಾಗಿ ಬುಕ್ ಮಾಡುತ್ತೇನೆ ಅಂದಾಗ ಬಾಡಿಗೆ ಇಳಿಯದಿದ್ದರೂ ಒಳ್ಳೆಯ ರೂಮು ಕೇಳುವ ಧೈರ್ಯ ಬರುತ್ತದೆ. ಜೊತೆಗೆ ಫೋಮಿನ ಇಯರ್‌ಪ್ಲಗ್ ಒಂದು ಜೊತೆ ಬ್ಯಾಗಿನಲ್ಲಿರಲಿ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿ ಒತ್ತಿದರೆ ಕಾರಿಡಾರಿನ ಬೆಳಕೂ ಸದ್ದೂ ಎರಡೂ ಕಡಿಮೆಯಾಗುತ್ತವೆ.

ಸ್ವಚ್ಛತೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಸುಣ್ಣ ಕಿತ್ತ ಚಾವಣಿ, ತುಕ್ಕು ಹಿಡಿದ ಟವೆಲ್ ರಾಡು, ಸೀಳು ಬಿಟ್ಟ ಟೈಲು, ಇವೆಲ್ಲ ಹಳೆಯದಾಗಿರುವುದರ ಗುರುತು, ಕೊಳಕಿನದ್ದಲ್ಲ. ಬೆಡ್‌ಶೀಟ್, ದಿಂಬಿನ ಕವರ್, ಟವೆಲ್, ಕಮೋಡ್ ಈ ನಾಲ್ಕರಲ್ಲಿ ಮಾತ್ರ ರಿಯಾಯಿತಿ ಇಲ್ಲ. ದುಡ್ಡು ಎಷ್ಟೇ ಕಡಿಮೆ ಇರಲಿ, ಹಿಂದಿನವರು ಮಲಗಿದ ಬಟ್ಟೆಯ ಮೇಲೆ ಮಲಗುವ ಕರ್ಮ ಯಾರಿಗೂ ಬೇಡ. ರೂಮು ಕ್ಲೀನ್ ಮಾಡುವವರ ಪಾಡನ್ನೂ ನೋಡಬೇಕು. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬರಿಗೆ ಹದಿನಾಲ್ಕು ಹದಿನೈದು ರೂಮು ಅನ್ನುವುದು ಹೋಟೆಲ್ ಲೋಕದಲ್ಲಿ ಮಾಮೂಲು. ಒಂದು ರೂಮಿಗೆ ಅರ್ಧ ಗಂಟೆ ಸಿಕ್ಕರೆ ಅದೇ ಹೆಚ್ಚು. ಫ್ಯಾನಿನ ರೆಕ್ಕೆಯ ಮೇಲಿನ ಧೂಳಿಗೆ ಅವರನ್ನು ಕರೆದು ಬೈಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಬೈಯಲೇಬೇಕಿದ್ದರೆ ಅಷ್ಟೊಂದು ರೂಮು ಅವರ ತಲೆಗೆ ಕಟ್ಟಿದವರಿಗೆ ಬೈಯಿರಿ.

ತಿಗಣೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ತಿಗಣೆ ಇದ್ದರೆ ಹೋಟೆಲು ಕೊಳಕು ಅಂತ ಜನ ತೀರ್ಮಾನಿಸುತ್ತಾರೆ. ಅದಕ್ಕೆ ಬೇಕಿರುವುದು ಕೊಳೆಯಲ್ಲ, ನಮ್ಮ ರಕ್ತ. ಜನರ ಲಗೇಜಿನಲ್ಲೇ ಕೂತು ಊರೂರು ಸುತ್ತುತ್ತದೆ, ದುಬಾರಿ ಹೋಟೆಲುಗಳಿಗೂ ಹೋಗುತ್ತದೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಂಥ ಕೀಟನಾಶಕಗಳಿಂದ ಅನೇಕ ದೇಶಗಳಲ್ಲಿ ತಿಗಣೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು. 1990ರ ದಶಕದ ಕೊನೆಯಿಂದ ಮತ್ತೆ ಹೆಚ್ಚಾಯಿತು. ಜನರ ಓಡಾಟ ಹೆಚ್ಚಿದ್ದು, ಔಷಧಿಗೆ ತಿಗಣೆ ಬಗ್ಗದಂತಾಗಿದ್ದು ಇದರ ಹಿಂದಿನ ಮುಖ್ಯ ಕಾರಣಗಳು.

ರೂಮಿಗೆ ಹೋದ ತಕ್ಷಣ ಬ್ಯಾಗನ್ನು ಮಂಚದ ಮೇಲೆ ಎಸೆಯಬೇಡಿ. ಬಾತ್‌ರೂಮಿನ ಒಣ ನೆಲದ ಮೇಲಿಡಿ. ಆಮೇಲೆ ಬೆಡ್‌ಶೀಟಿನ ಮೂಲೆ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ಹಾಸಿಗೆಯ ಹೊಲಿಗೆ ಮತ್ತು ತಲೆ ಕಡೆಯ ಹಲಗೆಯ ಸಂದಿ ನೋಡಿ. ದೊಡ್ಡ ತಿಗಣೆ 5ರಿಂದ 7 ಮಿಲಿಮೀಟರ್ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಅದು ಕಾಣದಿದ್ದರೂ ಶಾಯಿ ಚುಕ್ಕೆ ಇಟ್ಟ ಹಾಗೆ ಸಣ್ಣ ಕಪ್ಪು ಕಲೆಗಳು ಕಂಡರೆ ರೂಮು ಬದಲಾಯಿಸಿ. ಪಕ್ಕದ ರೂಮು ಕೊಟ್ಟರೆ ಬೇಡ ಅನ್ನಿ, ಗೋಡೆಯ ಸಂದಿಯಲ್ಲಿ ಅಲ್ಲಿಗೂ ಹೋಗಿರುತ್ತದೆ. ಹೇಳಿದಾಗ ಹೋಟೆಲಿನವರು ಹೇಗೆ ನಡೆದುಕೊಂಡರು ಅನ್ನುವುದರ ಮೇಲೆ ನಾನು ಅವರನ್ನು ಅಳೆಯುತ್ತೇನೆ. ‘ನೀವೇ ತಂದಿರಬೇಕು’ ಅಂದವರ ಹತ್ತಿರ ಮಾತು ಬೆಳೆಸಬೇಕಾಗಿಲ್ಲ, ಬ್ಯಾಗ್ ಎತ್ತಿಕೊಂಡು ಹೊರಟರಾಯಿತು.

ಬಿಸಿನೀರು. ‘24 ಗಂಟೆ ಬಿಸಿನೀರು’ ಅಂತ ಬೋರ್ಡು ಇರುತ್ತದೆ, ಆದರೆ ಎಷ್ಟು ನೀರು ಅಂತ ಯಾರೂ ಬರೆಯುವುದಿಲ್ಲ. ರೂಮಿನಲ್ಲಿ 15 ಲೀಟರಿನ ಗೀಸರ್ ಇದೆ ಅಂದುಕೊಳ್ಳಿ. 60 ಡಿಗ್ರಿಗೆ ಕಾದ ಆ ನೀರಿಗೆ 20 ಡಿಗ್ರಿಯ ತಣ್ಣೀರು ಅಷ್ಟೇ ಪ್ರಮಾಣದಲ್ಲಿ ಬೆರೆಸಿದರೆ 40 ಡಿಗ್ರಿಯ ಹದವಾದ ನೀರು 30 ಲೀಟರ್ ಸಿಕ್ಕಿತು. ಶವರ್ ನಿಮಿಷಕ್ಕೆ 8ರಿಂದ 10 ಲೀಟರ್ ಸುರಿಸುತ್ತದೆ. ಮೂರರಿಂದ ನಾಲ್ಕು ನಿಮಿಷದೊಳಗೆ ಮುಗಿಯಿತು. ಮತ್ತೆ ಕಾಯಲು 2 ಕಿಲೋವ್ಯಾಟ್ ಹೀಟರಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಅಂದರೆ ಇಬ್ಬರಿದ್ದರೆ ಎರಡನೆಯವರು ಬೆಳಗ್ಗೆ ತಣ್ಣೀರಿನಲ್ಲಿ ಬೈದುಕೊಳ್ಳುತ್ತಾ ಮೀಯುವುದು ಹೋಟೆಲಿನ ಮೋಸದಿಂದಲ್ಲ, ಲೆಕ್ಕವೇ ಅಷ್ಟು. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದರೆ ಏಳರಿಂದ ಎಂಟರವರೆಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುತ್ತಾರೆ, ಅದಕ್ಕೆ ಮುಂಚೆಯೇ ಮಿಂದುಬಿಡುವುದು ಜಾಣತನ.

ಬಾಗಿಲು ಮತ್ತು ಬೆಂಕಿಯ ವಿಷಯದಲ್ಲಿ ತಮಾಷೆ ಬೇಡ. ಹೊರಗಿನ ಬೀಗ ಏನೇ ಇರಲಿ, ಒಳಗಿನಿಂದ ಹಾಕುವ ಚಿಲಕ ಗಟ್ಟಿಯಾಗಿ ಕೂರಬೇಕು. ಕೀ ಕೊಡುವಾಗ ರೂಮ್ ನಂಬರನ್ನು ನಾಲ್ಕು ಜನಕ್ಕೆ ಕೇಳುವಂತೆ ಕೂಗಿ ಹೇಳಿದರೆ, ಅದರಲ್ಲೂ ಒಬ್ಬರೇ ಹೋಗಿರುವ ಹೆಣ್ಣುಮಕ್ಕಳು, ಬೇರೆ ರೂಮು ಕೇಳಬಹುದು, ಸಂಕೋಚ ಪಡಬೇಕಾಗಿಲ್ಲ. ರೂಮಿಗೆ ಹೋಗುವಾಗಲೇ ಮೆಟ್ಟಿಲಿನ ಕಡೆಗೆ ಎಷ್ಟು ಬಾಗಿಲು ದಾಟಬೇಕು ಅಂತ ಎಣಿಸಿಕೊಳ್ಳಿ. ಹೊಗೆ ತುಂಬಿದರೆ ಬೋರ್ಡು ಕಾಣಿಸುವುದಿಲ್ಲ, ಗೋಡೆ ತಡವುತ್ತಾ ಬಾಗಿಲು ಎಣಿಸಬಹುದು. ಲಿಫ್ಟ್ ಹತ್ತಬಾರದು ಅಂತ ಬೇರೆ ಹೇಳಬೇಕಾಗಿಲ್ಲ. ಹಳೆಯ ಇಕ್ಕಟ್ಟಿನ ಕಟ್ಟಡಗಳಲ್ಲಿ ಮೆಟ್ಟಿಲ ಮೇಲೆ ಹಾಸಿಗೆ, ಮುರಿದ ಕುರ್ಚಿ, ನೀರಿನ ಕ್ಯಾನು ಪೇರಿಸಿಟ್ಟಿರುತ್ತಾರೆ, ತುರ್ತು ಬಾಗಿಲಿಗೆ ಬೀಗ ಜಡಿದಿರುತ್ತಾರೆ. ಬೇರೆ ಎಲ್ಲವನ್ನೂ ನಾನು ಸಹಿಸಿಕೊಳ್ಳಬಲ್ಲೆ. ಇದನ್ನು ಕಂಡರೆ ಮುಂಗಡ ಹೋದರೂ ಪರವಾಗಿಲ್ಲ ಅಂತ ಹೊರಡುತ್ತೇನೆ.

ಇನ್ನು ಕೊನೆಯ ಬಿಲ್ಲು. 1951ರಲ್ಲಿ ಅಮೆರಿಕದ ಕೆಮನ್ಸ್ ವಿಲ್ಸನ್ ಎಂಬಾತ ಹೆಂಡತಿ, ಐದು ಮಕ್ಕಳ ಜೊತೆ ಪ್ರವಾಸ ಹೋಗಿದ್ದರು. ದಾರಿಯುದ್ದಕ್ಕೂ ಮೋಟೆಲಿನವರು ರೂಮಿನ ಬಾಡಿಗೆಯ ಮೇಲೆ ಮಕ್ಕಳಿಗೆ ತಲೆಗೆ 2 ಡಾಲರಿನಂತೆ ಹೆಚ್ಚಿಗೆ ಕೇಳಿದ್ದಕ್ಕೆ ರೇಗಿ, ಮರುವರ್ಷ ಮೆಂಫಿಸ್‌ನಲ್ಲಿ ಮಕ್ಕಳಿಗೆ ಬಾಡಿಗೆ ಇಲ್ಲದ ಹೋಟೆಲ್ ತೆರೆದರು. ಅದೇ ಹಾಲಿಡೇ ಇನ್. ಆ ಸಿಟ್ಟು ಈಗಿನ ಬಜೆಟ್ ಹೋಟೆಲುಗಳಿಗೂ ಅನ್ವಯಿಸುತ್ತದೆ ಅನ್ನಿಸುತ್ತದೆ. ಟವೆಲಿಗೆ ಬೇರೆ, ವೈಫೈಗೆ ಬೇರೆ, ಬೇಗ ಬಂದರೆ ಬೇರೆ, ಎಸಿ ರಿಮೋಟಿಗೆ ಬೇರೆ, ಎಲ್ಲದರ ಮೇಲೆ ತೆರಿಗೆ. ಆ್ಯಪಿನ ಮೊದಲ ಪರದೆಯಲ್ಲಿ ಕಂಡ ಬಾಡಿಗೆಯನ್ನು ನಂಬದೆ, ದುಡ್ಡು ಕಟ್ಟುವ ಪುಟದವರೆಗೆ ಹೋಗಿ ಒಟ್ಟು ಎಷ್ಟಾಗುತ್ತದೆ ಅಂತ ನೋಡಿಯೇ ಎರಡು ಹೋಟೆಲುಗಳನ್ನು ಹೋಲಿಸಬೇಕು. ಊರ ಹೊರಗಿನ ಅಗ್ಗದ ರೂಮಿಗೆ ದಿನಾ ಹೋಗಿಬರುವ ಖರ್ಚನ್ನೂ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತನ್ನೂ ಅದೇ ಲೆಕ್ಕಕ್ಕೆ ಸೇರಿಸಿ.

ಒಂದು ದಿನದ ಬಾಡಿಗೆ ಅಂದರೆ 24 ಗಂಟೆ ಅಂತಲೂ ತಿಳಿಯಬೇಡಿ. ಮಧ್ಯಾಹ್ನ 2ಕ್ಕೆ ಒಳಗೆ, ಮರುದಿನ 11ಕ್ಕೆ ಹೊರಗೆ ಅಂದರೆ ಸಿಗುವುದು 21 ಗಂಟೆ. ಉಳಿದ ಮೂರು ಗಂಟೆ ಆ ಹದಿನಾಲ್ಕು ಹದಿನೈದು ರೂಮು ಕ್ಲೀನ್ ಮಾಡುವವರದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ರಾತ್ರಿ ರೈಲು ಇರುವವರು 11ರಿಂದ ಸಂಜೆಯವರೆಗೆ ಲಗೇಜ್ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಕೌಂಟರಿನ ಹಿಂದೆ ಬ್ಯಾಗ್ ಇಟ್ಟುಕೊಂಡು ಚೀಟಿ ಕೊಡಲು ಹೋಟೆಲಿಗೆ ತಗಲುವ ಖರ್ಚು ಬಹಳ ಕಡಿಮೆ. ಅದಕ್ಕೂ ಇಲ್ಲ ಅನ್ನುವವರ ಹತ್ತಿರ ನಾನು ಎರಡನೇ ಸಲ ರೂಮು ಹಿಡಿಯುವುದಿಲ್ಲ.